ಮರೆವಿನ ಕಾಯಿಲೆ ಇರುವ ಅಮ್ಮನಿಗೆ ಸರಿಯಾದ ಡಾಕ್ಟರನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ತಾಯಿಗೆ 78 ವರ್ಷ. ಮೂರು ವರ್ಷದಿಂದ ಮರೆವು ಹೆಚ್ಚುತ್ತಾ ಬಂದಿದೆ. ಹೋದ ವರ್ಷ ಡಿಮೆನ್ಷಿಯಾ ಎಂದು ಹೇಳಿದರು. ಬಿಪಿಗೆ ಒಬ್ಬರು, ಸಕ್ಕರೆ ಕಾಯಿಲೆಗೆ ಒಬ್ಬರು, ಮರೆವಿಗೆ ಇನ್ನೊಬ್ಬರು ಡಾಕ್ಟರು. ಒಟ್ಟು ಹನ್ನೊಂದು ಮಾತ್ರೆ. ಡಾಕ್ಟರ ಮುಂದೆ ಕೂತರೆ ಅಮ್ಮ "ನನಗೇನೂ ಆಗಿಲ್ಲ" ಅನ್ನುತ್ತಾರೆ, ಐದು ನಿಮಿಷಕ್ಕೆ ಹೊರಗೆ ಬಂದಿರುತ್ತೇವೆ. ಈಗ ಹತ್ತು ದಿನದಿಂದ ರಾತ್ರಿ ನಿದ್ದೆ ಇಲ್ಲ, ಗೋಡೆ ಹತ್ತಿರ ಯಾರೋ ನಿಂತಿದ್ದಾರೆ ಅನ್ನುತ್ತಾರೆ, ಹಗಲೆಲ್ಲ ತೂಕಡಿಸುತ್ತಾರೆ. ಫೋನಿನಲ್ಲಿ ಕೇಳಿದ್ದಕ್ಕೆ ನಿದ್ದೆ ಮಾತ್ರೆ ಬರೆದುಕೊಟ್ಟರು, ನಾನಿನ್ನೂ ಕೊಟ್ಟಿಲ್ಲ. ಇವರಿಗೆ ಯಾವ ಡಾಕ್ಟರು ಸರಿ? ದೊಡ್ಡ ಆಸ್ಪತ್ರೆಗೇ ಹೋಗಬೇಕಾ?

ಉತ್ತರ: ಡಾಕ್ಟರನ್ನು ಹುಡುಕುವ ಮಾತು ಆಮೇಲೆ. ಮೊದಲು ಆ ಹತ್ತು ದಿನಗಳ ವಿಷಯ, ಅದು ಕಾಯುವಂಥದ್ದಲ್ಲ.

ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಹೆಚ್ಚುತ್ತದೆ. ಹತ್ತೇ ದಿನದಲ್ಲಿ ಒಬ್ಬರು ಹೀಗೆ ಬದಲಾದರೆ ಅದರ ಹಿಂದೆ ಬೇರೇನೋ ಇದೆ ಎಂದೇ ಹಿಡಿದು ಹುಡುಕಬೇಕು. ವೈದ್ಯರು ಇದಕ್ಕೆ ಡೆಲಿರಿಯಂ ಎನ್ನುತ್ತಾರೆ, ಹಿಂದಿನವರು ಸನ್ನಿ ಎನ್ನುತ್ತಿದ್ದರು. ಸನ್ನಿ ಎಂದರೆ ಜ್ವರ ನೆತ್ತಿಗೇರಿದಾಗ ಬರುವುದು ಎಂದು ನಮ್ಮ ಕಲ್ಪನೆ. ಆದರೆ ಮೊದಲೇ ಸೋತಿರುವ ಮಿದುಳಿಗೆ ಜ್ವರವೇ ಬರಬೇಕೆಂದಿಲ್ಲ. ನಾಲ್ಕು ದಿನದ ಮಲಬದ್ಧತೆ ಸಾಕು, ಪೂರ್ತಿ ಖಾಲಿಯಾಗದೆ ತುಂಬಿ ನಿಂತ ಮೂತ್ರಕೋಶ ಸಾಕು, ಸರಿಯಾಗಿ ನೀರು ಕುಡಿಯದಿದ್ದರೂ ಸಾಕು. ಎಷ್ಟೋ ಸಲ ಹೊಸದಾಗಿ ಶುರುಮಾಡಿದ ಒಂದು ಮಾತ್ರೆಯೇ ಕಾರಣವಾಗಿರುತ್ತದೆ.

ನಿದ್ದೆ ಮಾತ್ರೆ ಕೊಡದೆ ತಡೆದಿದ್ದು ಒಳ್ಳೆಯದೇ ಆಯಿತು. ಸನ್ನಿಯ ಮೇಲೆ ನಿದ್ದೆ ಮಾತ್ರೆ ಬಿದ್ದರೆ ಗೊಂದಲ ಹೆಚ್ಚುತ್ತದೆ, ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುತ್ತಾರೆ, ಮೂಲ ಕಾರಣ ಹಾಗೇ ಉಳಿಯುತ್ತದೆ. ಕೊಟ್ಟಿಲ್ಲ ಎನ್ನುವುದನ್ನು ಬರೆದುಕೊಟ್ಟ ಡಾಕ್ಟರಿಗೂ ತಿಳಿಸಿ, ಅವರು ಕೊಟ್ಟಿದ್ದೀರಿ ಎಂದುಕೊಂಡು ಮುಂದಿನ ಔಷಧಿ ಬರೆಯಬಾರದು. ಇನ್ನೊಂದು ಎಚ್ಚರಿಕೆ: ಅಮ್ಮ ಮೊದಲಿನಿಂದಲೂ ದಿನಾ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದು ಅದು ಇತ್ತೀಚೆಗೆ ಥಟ್ಟನೆ ನಿಂತಿದ್ದರೆ, ನಿಂತದ್ದೇ ಸನ್ನಿಗೆ ಕಾರಣವಾಗಬಹುದು. ಅದನ್ನೂ ನೆನಪು ಮಾಡಿಕೊಂಡು ಹೇಳಿ.

ಆದ್ದರಿಂದ ಇವತ್ತು ಅಥವಾ ನಾಳೆ, ಹತ್ತಿರದಲ್ಲಿ ಯಾವ ಡಾಕ್ಟರು ಮೈ ಮುಟ್ಟಿ ನೋಡುತ್ತಾರೋ ಅವರಲ್ಲಿಗೆ ಕರೆದುಕೊಂಡು ಹೋಗಿ. ಇದು ಫೋನಿನಲ್ಲಿ ಬಗೆಹರಿಯುವುದಲ್ಲ. "ಹತ್ತು ದಿನದಲ್ಲಿ ಆದ ಬದಲಾವಣೆ, ಡೆಲಿರಿಯಂ ಇರಬಹುದೇ ನೋಡಿ" ಎಂದು ಇದೇ ಮಾತಿನಲ್ಲಿ ಹೇಳಿ. ಬರೀ "ಮರೆವು ಜಾಸ್ತಿಯಾಗಿದೆ" ಎಂದರೆ ವಯಸ್ಸಿನ ಲೆಕ್ಕಕ್ಕೆ ಹೋಗಿಬಿಡುತ್ತದೆ. ಅಲ್ಲಿ ಆಗಬೇಕಾದದ್ದು ಇಷ್ಟು: ಜ್ವರ, ನಾಡಿ, ಉಸಿರು, ರಕ್ತದ ಆಮ್ಲಜನಕ, ಬೆರಳು ಚುಚ್ಚಿ ಸಕ್ಕರೆ. ಬಿಪಿಯನ್ನು ಮಲಗಿದಾಗ ಒಮ್ಮೆ, ನಿಂತ ಮೇಲೆ ಮೂರು ನಿಮಿಷದೊಳಗೆ ಒಮ್ಮೆ ನೋಡಬೇಕು. ಎದೆಗೆ ಸ್ಟೆತಸ್ಕೋಪ್ ಇಟ್ಟು ನ್ಯುಮೋನಿಯಾ ಇದೆಯೇ, ಕಿಬ್ಬೊಟ್ಟೆ ಒತ್ತಿ ಮೂತ್ರ ಕಟ್ಟಿದೆಯೇ ಎಂದು ಪರೀಕ್ಷಿಸಬೇಕು. ರಕ್ತದಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಕಿಡ್ನಿಯ ಅಂಶಗಳು, ರಕ್ತಕಣಗಳ ಎಣಿಕೆ. ಮೂತ್ರಪರೀಕ್ಷೆಯ ಬಗ್ಗೆ ಒಂದು ಮಾತು. ವಯಸ್ಸಾದ ಹೆಂಗಸರ ಮೂತ್ರದಲ್ಲಿ ಯಾವ ತೊಂದರೆಯೂ ಇಲ್ಲದೆ ಬ್ಯಾಕ್ಟೀರಿಯಾ ಕಾಣುವುದು ಸಾಮಾನ್ಯ. "ಮೂತ್ರದಲ್ಲಿ ಸೋಂಕಿದೆ, ಅದೇ ಕಾರಣ" ಎಂದು ಹುಡುಕಾಟವನ್ನು ಅಲ್ಲಿಗೇ ಮುಗಿಸಿದರೆ ನಿಜವಾದ ಕಾರಣ ತಪ್ಪಿಹೋಗುತ್ತದೆ. ಉರಿ, ಜ್ವರ, ಪದೇಪದೇ ಹೋಗುವುದು ಇಂಥವು ಜೊತೆಗಿವೆಯೇ ಎಂದು ಕೇಳಬೇಕು. ಕಳೆದ ಒಂದೆರಡು ತಿಂಗಳಲ್ಲಿ ಬಿದ್ದಿದ್ದರೆ, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ, ತಲೆಯ ಸಿಟಿ ಸ್ಕ್ಯಾನ್ ಬೇಕು. ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೇರುತ್ತಾ ಹೋಗಿ ವಾರಗಳ ನಂತರ ಹೀಗೆ ಕಾಣಿಸಿಕೊಳ್ಳುವುದುಂಟು.

ಕೂಗಾಡುವ ಸನ್ನಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಸುಮ್ಮನೆ ಮಂಕಾಗಿ, ಕರೆದರೆ ಅರ್ಧ ಕಣ್ಣು ಬಿಟ್ಟು ಮತ್ತೆ ತೂಕಡಿಸುವ ಸನ್ನಿ ಬೀಳುವುದಿಲ್ಲ. "ಇವತ್ತು ಶಾಂತವಾಗಿದ್ದಾರೆ" ಎಂದು ಮನೆಯವರಿಗೆ ಸಮಾಧಾನವಾಗುವುದು ಇಂಥ ದಿನವೇ. ಹಗಲಿನ ಆ ತೂಕಡಿಕೆಯನ್ನು ಡಾಕ್ಟರ ಮುಂದೆ ಮರೆಯದೆ ಹೇಳಿ. ಎಬ್ಬಿಸಿದರೂ ಏಳದಿದ್ದರೆ, ಮುಖ ಸೊಟ್ಟಗಾದರೆ, ಒಂದು ಬದಿಯ ಕೈಕಾಲು ಸೋತರೆ, ಫಿಟ್ಸ್ ಬಂದರೆ, ಉಸಿರು ಕಷ್ಟವಾದರೆ, ನೀರನ್ನೂ ನುಂಗದಿದ್ದರೆ ನಾಳೆಯವರೆಗೆ ಕಾಯಬೇಡಿ, ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.

ಇಷ್ಟೆಲ್ಲ ನೋಡಿಯೂ ಏನೂ ಸಿಗಲಿಲ್ಲ, ಗೋಡೆ ಹತ್ತಿರದ ಮನುಷ್ಯ ಮಾತ್ರ ಹೋಗಲಿಲ್ಲ ಎಂದಾದರೆ ಆಗ ಬೇರೆ ಯೋಚನೆ. ಲೂಯಿ ಬಾಡಿ ಡಿಮೆನ್ಷಿಯಾ ಎನ್ನುವ ಬಗೆಯಲ್ಲಿ ಮನುಷ್ಯರು, ಮಕ್ಕಳು, ಪ್ರಾಣಿಗಳು ಸ್ಪಷ್ಟವಾಗಿ ಕಣ್ಣಿಗೆ ಕಾಣುತ್ತವೆ. ಒಂದು ದಿನ ಚುರುಕು, ಮರುದಿನ ಪೂರಾ ಮಂಕು. ನಡಿಗೆ ಬಿಗಿಯಾಗುತ್ತದೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬಡಿಯುತ್ತಾರೆ. ಇದನ್ನು ಗುರುತಿಸುವುದು ಮುಖ್ಯವಾಗುವುದು ಹೆಸರಿಗಾಗಿ ಅಲ್ಲ. ಇವರಿಗೆ ಹ್ಯಾಲೊಪೆರಿಡಾಲ್‌ನಂಥ ಔಷಧಿ ಕೊಟ್ಟರೆ ಮೈ ಮರಗಟ್ಟಿ, ನುಂಗಲೂ ಆಗದೆ, ಪ್ರಾಣಕ್ಕೇ ಬರಬಹುದು. ತುರ್ತು ವಿಭಾಗದಲ್ಲಿ ರಾತ್ರಿ ಗಲಾಟೆ ಮಾಡುವ ವೃದ್ಧರಿಗೆ ಥಟ್ಟನೆ ಚುಚ್ಚುವ ಔಷಧಿಗಳಲ್ಲಿ ಅದೂ ಒಂದು. ಲೂಯಿ ಬಾಡಿಯ ಅನುಮಾನ ಒಮ್ಮೆ ಬಂದರೆ ಅದನ್ನು ಅಮ್ಮನ ಫೈಲಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ.

ನಿಮ್ಮ ತಾಯಿಗೆ ಈಗ ಮೂವರು ಡಾಕ್ಟರಿದ್ದಾರೆ, ಆದರೆ ತಾಯಿಯನ್ನು ನೋಡುವ ಡಾಕ್ಟರಿಲ್ಲ. ಒಬ್ಬರು ಬಿಪಿ ನೋಡುತ್ತಾರೆ, ಒಬ್ಬರು ಸಕ್ಕರೆ, ಒಬ್ಬರು ನೆನಪು. ಹನ್ನೊಂದೂ ಮಾತ್ರೆ ಒಂದೇ ಹೊಟ್ಟೆಗೆ ಹೋಗುತ್ತವೆ ಎನ್ನುವುದು ಯಾರ ಮೇಜಿನ ಮೇಲೂ ಇಲ್ಲ. ನೀವು ಹುಡುಕಬೇಕಾದದ್ದು ನಾಲ್ಕನೆಯ, ಇನ್ನೂ ಹೆಸರುವಾಸಿಯಾದ ತಜ್ಞರನ್ನಲ್ಲ, ಇಡೀ ಪಟ್ಟಿಯನ್ನು ಕೈಗೆ ತೆಗೆದುಕೊಂಡು "ಇನ್ನು ಇದು ನನ್ನ ಜವಾಬ್ದಾರಿ" ಎನ್ನುವ ಒಬ್ಬರನ್ನು. ವೃದ್ಧರೋಗ ತಜ್ಞರು, ಅಂದರೆ ಜೆರಿಯಾಟ್ರಿಷಿಯನ್, ಇದೇ ಕೆಲಸಕ್ಕೆ ತರಬೇತಾದವರು. ಅವರು ಸಿಗದಿದ್ದರೆ ತಾಳ್ಮೆಯಿರುವ ಜನರಲ್ ಫಿಸಿಷಿಯನ್ ಅಥವಾ ಕುಟುಂಬ ವೈದ್ಯರು ಖಂಡಿತ ಸಾಕು. ಮನೆಗೆ ಹತ್ತಿರವಿದ್ದು ತಿಂಗಳಿಗೊಮ್ಮೆ ನೋಡುವ ಸಾಧಾರಣ ಹೆಸರಿನ ಡಾಕ್ಟರು, ಆರು ತಿಂಗಳಿಗೊಮ್ಮೆ ಹತ್ತು ನಿಮಿಷ ಸಿಗುವ ಪ್ರಸಿದ್ಧರಿಗಿಂತ ಈ ಕಾಯಿಲೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಇದರಲ್ಲಿ ನನಗೆ ಸಂದೇಹವಿಲ್ಲ.

ತಜ್ಞರು ಬೇಡವೆಂದಲ್ಲ, ಯಾವಾಗ ಎನ್ನುವುದು ಗೊತ್ತಿರಬೇಕು. 65ಕ್ಕಿಂತ ಮೊದಲೇ ಶುರುವಾದ ಮರೆವು, ಕೆಲವೇ ತಿಂಗಳಲ್ಲಿ ಧಡಧಡನೆ ಇಳಿದ ಸ್ಥಿತಿ, ಫಿಟ್ಸ್, ನಡುಕ, ಬಿಗಿತ, ನೆನಪಿಗಿಂತ ಮೊದಲು ಮಾತೋ ನಡವಳಿಕೆಯೋ ಕೆಟ್ಟದ್ದು, ಇವೆಲ್ಲ ನರರೋಗ ತಜ್ಞರ ಪಾಲಿನವು. ಕಾಲು ನೆಲಕ್ಕೆ ಅಂಟಿದಂತೆ ನಡಿಗೆ, ಮೂತ್ರ ಹಿಡಿದುಕೊಳ್ಳಲಾಗದಿರುವುದು, ಮರೆವು, ಈ ಮೂರೂ ಒಟ್ಟಿಗೆ ಬಂದರೆ ಮಿದುಳಿನಲ್ಲಿ ನೀರು ತುಂಬುವ ಒಂದು ಸ್ಥಿತಿ ಇರಬಹುದು. ಅದರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ, ಮುಖ್ಯವಾಗಿ ನಡಿಗೆಯಲ್ಲಿ, ಗುಣ ಕಾಣುತ್ತದೆ. ತೀವ್ರ ಖಿನ್ನತೆ, ಹೊಡೆಯುವುದು, ಯಾರೋ ಕದ್ದರೆಂಬ ಬಿಡದ ಅನುಮಾನ ಇದ್ದರೆ ವೃದ್ಧರ ಅನುಭವವಿರುವ ಮನೋವೈದ್ಯರು ಬೇಕು. ಇವರ ಅಭಿಪ್ರಾಯ ಪಡೆದು ಮತ್ತೆ ನಿಮ್ಮ ಮುಖ್ಯ ಡಾಕ್ಟರಲ್ಲಿಗೇ ಬರಬೇಕು. ದೊಡ್ಡ ಆಸ್ಪತ್ರೆಯೂ ಹಾಗೆಯೇ: ಕಾಯಿಲೆಯ ಬಗೆ ಯಾವುದೆಂದು ತೀರ್ಮಾನಿಸಲು ಒಮ್ಮೆ ಹೋಗಿ ಬನ್ನಿ, ಆಮೇಲಿನ ಆರೈಕೆಗೆ ಅಲ್ಲಿಗೆ ಅಲೆಯಬೇಡಿ. ಮೂರು ಗಂಟೆ ಜನಜಂಗುಳಿಯಲ್ಲಿ ಕೂರಿಸಿದ ಮೇಲೆ ಯಾವ ಪರೀಕ್ಷೆ ಮಾಡಿದರೂ ಅಮ್ಮನ ನಿಜವಾದ ಶಕ್ತಿ ಕಾಣುವುದಿಲ್ಲ.

ಹೆಸರು ಕೇಳಿ ಬಂದ ಮೇಲೆ, ಹೋಗುವ ಮೊದಲು ಒಂದು ಫೋನು ಮಾಡಿ. ಮೊದಲ ಭೇಟಿಗೆ ಎಷ್ಟು ಸಮಯ ಕೊಡುತ್ತಾರೆ? ಮನೆಯವರ ಜೊತೆ ಐದು ನಿಮಿಷ ಬೇರೆಯಾಗಿ ಮಾತಾಡುತ್ತಾರಾ? ಮುಂಚೆಯೇ ಒಂದು ಪುಟ ಬರೆದು ಕಳಿಸಿದರೆ ಓದುತ್ತಾರಾ? ನಡುವೆ ತೊಂದರೆಯಾದರೆ ಯಾರಿಗೆ ಹೇಳಬೇಕು? ಈ ನಾಲ್ಕಕ್ಕೂ "ಗೊತ್ತಿಲ್ಲ, ಬನ್ನಿ ನೋಡೋಣ" ಎಂಬ ಉತ್ತರ ಬಂದರೆ ಮುಂದಿನ ಹೆಸರಿಗೆ ಹೋಗಿ. ಸಿಕ್ಕರೆ ದಿನದ ಮೊದಲ ಸಮಯ ಕೇಳಿ, ಅಥವಾ ಅಮ್ಮ ದಿನದಲ್ಲಿ ಯಾವ ಹೊತ್ತು ಹಗುರಾಗಿರುತ್ತಾರೋ ಆ ಸಮಯ. ಇಂಥವರಲ್ಲಿ ಅನೇಕರಿಗೆ ಸಂಜೆ ಗೊಂದಲ ಜಾಸ್ತಿ.

"ನನಗೇನೂ ಆಗಿಲ್ಲ" ಎನ್ನುವ ಮಾತಿಗೆ ಬರುತ್ತೇನೆ, ಏಕೆಂದರೆ ಒಳ್ಳೆಯ ಡಾಕ್ಟರೂ ಎಡವುವುದು ಇಲ್ಲೇ. ಅಮ್ಮ ಸುಳ್ಳು ಹೇಳುತ್ತಿಲ್ಲ, ಮುಚ್ಚಿಡುತ್ತಲೂ ಇಲ್ಲ. ತನಗೆ ಮರೆಯುತ್ತಿದೆ ಎನ್ನುವ ಅರಿವನ್ನೇ ಈ ಕಾಯಿಲೆ ಅಳಿಸುತ್ತದೆ. ಜೊತೆಗೆ ಹೊಸಬರ ಮುಂದೆ ಹದಿನೈದು ನಿಮಿಷ ಚೆನ್ನಾಗಿ ಮಾತಾಡುವ ಶಕ್ತಿ ಬಹಳ ಕಾಲ ಉಳಿದಿರುತ್ತದೆ. ಡಾಕ್ಟರ ಮುಂದೆ "ಇಲ್ಲಮ್ಮ, ನಿನ್ನೆ ಗ್ಯಾಸ್ ಆರಿಸೋದು ಮರೆತಿದ್ದಿ ಅಲ್ವಾ" ಎಂದು ತಿದ್ದಲು ಹೋದರೆ ಅವರಿಗೆ ಅವಮಾನವಾಗುತ್ತದೆ, ಮುಂದಿನ ಸಲ ಬರುವುದಿಲ್ಲ ಎನ್ನುತ್ತಾರೆ. ಹೇಳಬೇಕಾದದ್ದನ್ನು ಒಂದೇ ಪುಟದಲ್ಲಿ ಬರೆದು ಮೊದಲೇ ಒಳಗೆ ಕೊಡಿ. ಉದಾಹರಣೆಗೆ ಹೀಗೆ:

ಓದು: 7ನೇ ತರಗತಿ. ಕಿವಿ: ಎಡಗಡೆ ಮಂದ. ಕನ್ನಡಕ: ಇದೆ.
ಶುರು: ಮೂರು ವರ್ಷದ ಹಿಂದೆ, ನಿಧಾನವಾಗಿ.
ವರ್ಷದ ಹಿಂದೆ ಆಗುತ್ತಿದ್ದು ಈಗ ಆಗದ್ದು: ದುಡ್ಡಿನ ಲೆಕ್ಕ, ಫೋನು ಮಾಡುವುದು, ಮಾತ್ರೆ ತಾವೇ ತೆಗೆದುಕೊಳ್ಳುವುದು.
ಈಗಲೂ ತಾವೇ ಮಾಡುವುದು: ಊಟ, ಸ್ನಾನ. ಬಟ್ಟೆ ಹಾಕಲು ಸಹಾಯ ಬೇಕು.
ಹೊಸದು, ಹತ್ತು ದಿನದಿಂದ: ರಾತ್ರಿ 1ರಿಂದ 4 ಎಚ್ಚರ, ಗೋಡೆ ಬಳಿ ಮನುಷ್ಯ ಕಾಣುವುದು, ಹಗಲು ತೂಕಡಿಕೆ.
ಬಿದ್ದದ್ದು: ಆರು ತಿಂಗಳಲ್ಲಿ ಎರಡು ಸಲ, ಎರಡೂ ರಾತ್ರಿ ಬಚ್ಚಲಿಗೆ ಹೋಗುವಾಗ.
ತೂಕ: ಆರು ತಿಂಗಳ ಹಿಂದೆ 54 ಕೆ.ಜಿ., ಈಗ 50.
ಮಲ: ಮೂರು ದಿನಕ್ಕೊಮ್ಮೆ. ಮೂತ್ರ: ರಾತ್ರಿ ನಾಲ್ಕು ಸಲ.
ಮಾತ್ರೆ: ಪಟ್ಟಿ ಹಿಂದೆ ಇದೆ.
ಇವತ್ತು ನಮಗೆ ಬೇಕಾದ ಉತ್ತರ: ಈ ಹತ್ತು ದಿನದ್ದಕ್ಕೆ ಕಾರಣವೇನು? ಯಾವ ಮಾತ್ರೆ ಬಿಡಬಹುದು?

ಇದರಲ್ಲಿ "ತುಂಬಾ", "ಯಾವಾಗಲೂ", "ಸ್ವಲ್ಪ" ಎನ್ನುವ ಮಾತೇ ಇಲ್ಲ, ಗಮನಿಸಿ. ಎಷ್ಟು ಸಲ, ಎಷ್ಟು ಹೊತ್ತಿಗೆ, ಯಾವಾಗಿನಿಂದ ಎಂದು ಬರೆದರೆ ಡಾಕ್ಟರು ಒಂದು ನಿಮಿಷದಲ್ಲಿ ಓದಿ ಸರಿಯಾದ ಕಡೆ ತಿರುಗುತ್ತಾರೆ. ಓದು ಎಷ್ಟು ಎಂಬುದನ್ನು ಬರೆದದ್ದಕ್ಕೂ ಕಾರಣವಿದೆ. ನೆನಪು, ಯೋಚನಾಶಕ್ತಿ ಅಳೆಯುವ ಎಂಎಂಎಸ್‌ಇ, ಮೋಕಾ ಎಂಬ 30 ಅಂಕಗಳ ಪರೀಕ್ಷೆಗಳಲ್ಲಿ ಕಡಿಮೆ ಓದಿದವರಿಗೆ, ಕಿವಿ ಕೇಳದವರಿಗೆ, ತಮ್ಮದಲ್ಲದ ಭಾಷೆಯಲ್ಲಿ ಪ್ರಶ್ನೆ ಕೇಳಿಸಿಕೊಂಡವರಿಗೆ ಅಂಕ ಕಡಿಮೆ ಬರುತ್ತದೆ. ಅಂಕವೊಂದೇ ನೋಡಿ ಡಿಮೆನ್ಷಿಯಾ ಎನ್ನುವುದೂ ತಪ್ಪು, ಚೆನ್ನಾಗಿ ಓದಿದವರಿಗೆ ಒಳ್ಳೆಯ ಅಂಕ ಬಂತೆಂದು ಏನೂ ಇಲ್ಲ ಎನ್ನುವುದೂ ತಪ್ಪು.

ಹೋದ ವರ್ಷದ ಫೈಲನ್ನೂ ಒಮ್ಮೆ ತೆರೆದು ನೋಡಿ. ಡಿಮೆನ್ಷಿಯಾ ಎಂದು ಹೇಳುವ ಮೊದಲು ಥೈರಾಯ್ಡ್, ವಿಟಮಿನ್ ಬಿ12, ಸೋಡಿಯಂ, ಕ್ಯಾಲ್ಸಿಯಂ, ಸಕ್ಕರೆ, ಕಿಡ್ನಿ, ಲಿವರ್, ರಕ್ತಕಣಗಳ ಎಣಿಕೆ ಇಷ್ಟು ಪರೀಕ್ಷೆ, ತಲೆಯ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಒಂದು ಆಗಿರಬೇಕು. ಖಿನ್ನತೆ ಇದೆಯೇ ಎಂದು ಯಾರಾದರೂ ಕೇಳಿರಬೇಕು. ಇವುಗಳಲ್ಲಿ ಬಿಟ್ಟುಹೋದದ್ದನ್ನು ಹೊಸ ಡಾಕ್ಟರಿಗೆ ತೋರಿಸಿ. ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷದಿಂದ ನಡೆಯುತ್ತಿದ್ದರೆ ಬಿ12 ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಹಾಗೆಯೇ ಕಾಯಿಲೆಯ ಬಗೆ ಯಾವುದೆಂದು ಎಲ್ಲಾದರೂ ಬರೆದಿದ್ದಾರಾ ನೋಡಿ. ಡಿಮೆನ್ಷಿಯಾ ಎನ್ನುವುದು ಜ್ವರ ಎಂದ ಹಾಗೆ, ಒಂದು ಲಕ್ಷಣಗಳ ಗುಂಪಿನ ಹೆಸರು. ಆಲ್ಝೈಮರ್ ಇದೆಯೋ, ರಕ್ತನಾಳದ ತೊಂದರೆಯಿಂದ ಬಂದದ್ದೋ, ಲೂಯಿ ಬಾಡಿಯೋ, ಎರಡು ಸೇರಿದೆಯೋ ಎನ್ನುವುದರ ಮೇಲೆ ಔಷಧಿ ಬದಲಾಗುತ್ತದೆ.

ಮೊದಲ ಭೇಟಿಯಲ್ಲಿ ಡಾಕ್ಟರನ್ನು ಅಳೆಯುವುದು ಹೇಗೆ? ಅವರು ಮೊದಲು ಯಾರ ಮುಖ ನೋಡಿ ಮಾತಾಡಿದರು ಎಂದು ನೋಡಿ. ಒಳ್ಳೆಯ ಡಾಕ್ಟರು ಅಮ್ಮನನ್ನೇ ಕೇಳುತ್ತಾರೆ, ಉತ್ತರ ಬರುವ ತನಕ ಕಾಯುತ್ತಾರೆ, ಆಮೇಲೆ ನಿಮ್ಮನ್ನು ಕೇಳುತ್ತಾರೆ. ಕುರ್ಚಿಯಿಂದ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಕಿವಿಯೊಳಗೆ ನೋಡುತ್ತಾರೆ, ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿಹೋಗಿ, ಕೇಳದೆ ಇದ್ದದ್ದನ್ನು ಮರೆವು ಎಂದುಕೊಂಡದ್ದು ಎಷ್ಟೋ ಮನೆಗಳಲ್ಲಿದೆ. ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ನೋಡುತ್ತಾರೆ. ನೋಡಿಕೊಳ್ಳುವವರಾದ ನಿಮ್ಮ ನಿದ್ದೆ ಹೇಗಿದೆ, ಸರದಿಗೆ ಬೇರೆ ಯಾರಿದ್ದಾರೆ ಎಂದು ಕೇಳುತ್ತಾರೆ. "ಅರವತ್ತಕ್ಕೆ ಅರಳುಮರಳು, ಎಪ್ಪತ್ತೆಂಟಕ್ಕೆ ಇನ್ನೇನು ನಿರೀಕ್ಷೆ" ಎನ್ನುವವರಲ್ಲಿಗೆ ಎರಡನೇ ಸಲ ಹೋಗಬೇಡಿ. ನೆನಪು ಮರಳಿ ತರುತ್ತೇನೆ ಎಂದು ಇಂಜೆಕ್ಷನ್, ಟಾನಿಕ್ ಹೇಳುವವರಲ್ಲಿಗೆ ಮೊದಲ ಸಲವೂ ಬೇಡ. ಪ್ರತಿ ಭೇಟಿಗೂ ಒಂದು ಮಾತ್ರೆ ಸೇರುತ್ತಾ ಹೋಗಿ ಒಂದೂ ಕಳೆಯದಿದ್ದರೆ, ಡಾಕ್ಟರು ಎಷ್ಟೇ ಸೌಮ್ಯರಾಗಿರಲಿ, ಬದಲಿಸುವ ಯೋಚನೆ ಮಾಡಿ.

ಹನ್ನೊಂದು ಮಾತ್ರೆಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬರೀ ಚೀಟಿ ತೆಗೆದುಕೊಂಡು ಹೋಗಬೇಡಿ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಸಿರಪ್, ಕಣ್ಣಿನ ಹನಿ, ನೆಗಡಿ ಮಾತ್ರೆ, ಅಂಗಡಿಯಿಂದ ತಾವೇ ತಂದದ್ದು, ಅಕ್ಕಪಕ್ಕದವರು ಕೊಟ್ಟದ್ದು, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ. ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ: ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ಬಿಟ್ಟು ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಎಂಬುದನ್ನು ಬರೆದುಕೊಳ್ಳಿ. ಮೂವರು ಡಾಕ್ಟರಿರುವ ಮನೆಯಲ್ಲಿ ಒಂದೇ ಔಷಧಿ ಎರಡು ಬ್ರ್ಯಾಂಡಿನಲ್ಲಿ ಹೊಟ್ಟೆಗೆ ಹೋಗುತ್ತಿರುವುದು ಹೀಗೆ ಗೊತ್ತಾಗುತ್ತದೆ.

ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ನೆನಪಿಗೆ ಬೇಕು. ಆಲ್ಝೈಮರ್ ಕಾಯಿಲೆಯಲ್ಲಿ ಅದು ಮೊದಲೇ ಕಡಿಮೆ. ಅದನ್ನು ಇನ್ನಷ್ಟು ತಡೆಯುವ ಮಾತ್ರೆಗಳು ಸಾಮಾನ್ಯ ಚೀಟಿಗಳಲ್ಲೇ ಸೇರಿಕೊಂಡಿರುತ್ತವೆ: ನೆಗಡಿ ಅಲರ್ಜಿಗೆ ಕೊಡುವ ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್, ನರನೋವಿಗೆ, ನಿದ್ದೆಗೆ ಅಮಿಟ್ರಿಪ್ಟಿಲಿನ್, ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್. ಇವು ಬಾಯಿ ಒಣಗಿಸುತ್ತವೆ, ಮಲ ಕಟ್ಟಿಸುತ್ತವೆ, ಮೂತ್ರ ತಡೆಯುತ್ತವೆ, ಗೊಂದಲ ಹೆಚ್ಚಿಸುತ್ತವೆ. ಇದರಲ್ಲೊಂದು ಸುಳಿಯೂ ಇದೆ. ಮರೆವಿಗೆಂದು ಡೊನೆಪೆಜಿಲ್ ಶುರುಮಾಡುತ್ತಾರೆ, ಅದರಿಂದ ಕೆಲವರಿಗೆ ಮೂತ್ರದ ಅವಸರ ಬರುತ್ತದೆ. ಬೇರೆ ಡಾಕ್ಟರು ಅದನ್ನು ಹೊಸ ಕಾಯಿಲೆಯೆಂದು ಆಕ್ಸಿಬ್ಯುಟಿನಿನ್ ಬರೆಯುತ್ತಾರೆ. ಒಂದು ಮಾತ್ರೆ ಅಸೆಟೈಲ್‌ಕೋಲಿನ್ ಹೆಚ್ಚಿಸಲು ಹೆಣಗುತ್ತದೆ, ಇನ್ನೊಂದು ಅದಕ್ಕೆ ಅಡ್ಡ ನಿಲ್ಲುತ್ತದೆ, ನಡುವೆ ಅಮ್ಮ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರ ಚೀಟಿಯಲ್ಲಿ ಇದನ್ನು ಮೊದಲು ಹುಡುಕಬೇಕು.

ಸಕ್ಕರೆ, ಬಿಪಿಯ ಗುರಿಯನ್ನೂ ಈಗ ಸಡಿಲಿಸಬೇಕಾಗುತ್ತದೆ. ಡಿಮೆನ್ಷಿಯಾ ಇರುವವರಿಗೆ ಸಕ್ಕರೆ ಇಳಿದಾಗ "ತಲೆ ತಿರುಗುತ್ತಿದೆ" ಎಂದು ಹೇಳಲು ಬರುವುದಿಲ್ಲ. ಬೆವರು, ಗೊಂದಲ, ಸಿಟ್ಟು ಮಾತ್ರ ಕಾಣುತ್ತದೆ, ಅದೂ ಮರೆವಿನ ಲೆಕ್ಕಕ್ಕೆ ಹೋಗುತ್ತದೆ. ಹಾಗಾಗಿ ಇಂಥವರಿಗೆ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, ಶೇಕಡಾ 8ರ ಆಸುಪಾಸಿನಲ್ಲಿದ್ದರೆ ಸಾಕು ಎಂದು ಹೆಚ್ಚಿನ ವೈದ್ಯರು ಒಪ್ಪುತ್ತಾರೆ. ಅಮ್ಮನದು 6ರ ಹತ್ತಿರವಿದ್ದು ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ನಡೆಯುತ್ತಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ, ಅಪಾಯ. ನಿಂತಾಗ ಮೇಲಿನ ಬಿಪಿ 20ಕ್ಕಿಂತ ಹೆಚ್ಚು ಇಳಿದರೆ ರಾತ್ರಿ ಬೀಳುವುದಕ್ಕೆ ಅದೇ ಕಾರಣವಿರಬಹುದು.

ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ನಿದ್ದೆಯ, ಫಿಟ್ಸಿನ, ಹೃದಯದ, ಖಿನ್ನತೆಯ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಬೇರೆಯೇ ಅನಾಹುತ. ಒಂದು ಸಲಕ್ಕೆ ಒಂದೇ ಬದಲಾವಣೆ, ನಡುವೆ ಒಂದೆರಡು ವಾರ ಬಿಡಿ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಮೂರು ಮಾತ್ರೆ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣ, ಯಾವುದರಿಂದ ತೊಂದರೆ ಎಂದು ದೇವರಿಗೂ ತಿಳಿಯುವುದಿಲ್ಲ.

ಮರೆವಿನ ಮಾತ್ರೆಗಳಿಂದ ಏನು ನಿರೀಕ್ಷಿಸಬಹುದು? ಕೆಲವರಲ್ಲಿ ಸಣ್ಣ ಸುಧಾರಣೆ, ಕೆಲವರಲ್ಲಿ ಇಳಿಯುವುದು ಸ್ವಲ್ಪ ನಿಧಾನ, ಕೆಲವರಲ್ಲಿ ಏನೂ ಇಲ್ಲ. ಡೊನೆಪೆಜಿಲ್ 5 ಮಿಲಿಗ್ರಾಂನಿಂದ ಶುರುಮಾಡಿ, ತಡೆದುಕೊಂಡರೆ 4ರಿಂದ 6 ವಾರದ ನಂತರ 10ಕ್ಕೆ ಏರಿಸುತ್ತಾರೆ. ಶುರುಮಾಡುವ ಮೊದಲು ನಾಡಿ ನೋಡಬೇಕು, ಹೃದಯದ ತೊಂದರೆ ಇದ್ದರೆ ಇಸಿಜಿ ಆಗಬೇಕು, ಏಕೆಂದರೆ ಅದು ನಾಡಿಯನ್ನು ನಿಧಾನಗೊಳಿಸಿ ಎಚ್ಚರ ತಪ್ಪಿಸಬಹುದು. ಕೆಟ್ಟ ಕನಸು ಬಿದ್ದರೆ ರಾತ್ರಿಯದನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ಹಸಿವು ಹೋಗಿ ತೂಕ ಇಳಿಯುತ್ತಿದ್ದರೂ ಇದನ್ನೇ ಅನುಮಾನಿಸಿ. ರಿವಾಸ್ಟಿಗ್ಮಿನ್ ಎಂಬ ಇನ್ನೊಂದು ಮರೆವಿನ ಔಷಧಿಯ ಪಟ್ಟಿ, ಅಂದರೆ ಚರ್ಮಕ್ಕೆ ಅಂಟಿಸುವ ಪ್ಯಾಚ್, ಹಚ್ಚುವವರಾದರೆ ಹಳೆಯದನ್ನು ಕಿತ್ತು, ಎಣಿಸಿ, ಆಮೇಲೆ ಹೊಸದನ್ನು ಹಚ್ಚಿ. ಬೆನ್ನಿನ ಮೇಲೆ ಹಳೆಯ ಪಟ್ಟಿ ಉಳಿದು ಎರಡು ಮೂರು ಸೇರಿದರೆ ವಿಪರೀತ ವಾಂತಿಯಾಗಿ ಜೀವಕ್ಕೆ ಅಪಾಯ. ಮೂರು ದಿನಕ್ಕಿಂತ ಹೆಚ್ಚು ತಪ್ಪಿಹೋಗಿದ್ದರೆ ಮತ್ತೆ ಅದೇ ಪ್ರಮಾಣದಲ್ಲಿ ಶುರುಮಾಡದೆ ಡಾಕ್ಟರನ್ನು ಕೇಳಿ. ಮೆಮಾಂಟಿನ್ ಎಂಬ ಮರೆವಿನ ಮಾತ್ರೆಯನ್ನು ಮಧ್ಯಮ ಮತ್ತು ನಂತರದ ಹಂತದಲ್ಲಿ ಕೊಡುತ್ತಾರೆ, 5 ಮಿಲಿಗ್ರಾಂನಿಂದ ವಾರವಾರ ಏರಿಸಿ 20ರವರೆಗೆ. ಕಿಡ್ನಿ ದುರ್ಬಲವಿದ್ದರೆ ಕಡಿಮೆ.

ಹೊಸ ಇಂಜೆಕ್ಷನ್‌ಗಳ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಲೆಕಾನೆಮ್ಯಾಬ್‌ಗೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪೂರ್ಣ ಒಪ್ಪಿಗೆ ಕೊಟ್ಟಿತು. ಇವು ಆಲ್ಝೈಮರ್‌ನ ತೀರಾ ಮೊದಲ ಹಂತದವರಿಗೆ, ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗಿದೆ ಎಂದು ಪರೀಕ್ಷೆಯಲ್ಲಿ ಖಚಿತವಾದವರಿಗೆ ಮಾತ್ರ. ಹೋದ ನೆನಪು ಬರುವುದಿಲ್ಲ, ಇಳಿಯುವ ವೇಗ ಸ್ವಲ್ಪ ಕಡಿಮೆಯಾಗುತ್ತದೆ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಇರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ಬಟ್ಟೆ ಹಾಕಲೂ ಸಹಾಯ ಬೇಕಾದ ಹಂತದವರಿಗೆ ಇವು ಹೊಂದುವುದಿಲ್ಲ.

ಮುಂದೊಂದು ದಿನ ರಿಸ್ಪೆರಿಡೋನ್, ಕ್ವೆಟಿಯಾಪಿನ್‌ನಂಥ ಶಮನದ ಔಷಧಿಯ ಮಾತು ಬಂದೇ ಬರುತ್ತದೆ. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಇವುಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅದೇ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಎಂದೂ ಕೊಡಬಾರದು ಎಂದಲ್ಲ. ಹೊಡೆತ, ಬೇರೆಯವರಿಗೆ ಅಪಾಯ, ಸಹಿಸಲಾಗದ ಭಯ ಇದ್ದಾಗ ಬೇಕಾಗುತ್ತದೆ. ಆದರೆ ಯಾವ ಲಕ್ಷಣಕ್ಕೆ ಕೊಡುತ್ತಿದ್ದೀರಿ, ಅತಿ ಕಡಿಮೆ ಪ್ರಮಾಣ ಯಾವುದು, ಯಾವ ತಾರೀಖಿಗೆ ಮತ್ತೆ ನೋಡುತ್ತೀರಿ ಎಂದು ಕೇಳಿ ಬರೆಸಿಕೊಳ್ಳಿ. ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ಇಳಿಸಿ ನಿಲ್ಲಿಸಬೇಕು. ಕಂಡರೂ ನಾಲ್ಕು ತಿಂಗಳೊಳಗೆ ಇಳಿಸಿ ನೋಡಬೇಕು.

ಅದಕ್ಕಿಂತ ಮೊದಲು ನೋವಿದೆಯೇ ನೋಡಿ. ಹೇಳಲಾಗದವರ ನೋವು ಬೇರೆ ದಾರಿಯಲ್ಲಿ ಹೊರಬರುತ್ತದೆ. ಉಸಿರಿನ ಏರುಪೇರು, ನರಳುವಿಕೆ, ಹುಬ್ಬು ಗಂಟಿಕ್ಕುವುದು, ಮುಷ್ಟಿ ಬಿಗಿಯುವುದು, ಸಮಾಧಾನಕ್ಕೂ ತಣಿಯದಿರುವುದು, ಈ ಐದನ್ನು ಐದು ನಿಮಿಷ ಪಕ್ಕದಲ್ಲಿ ಕೂತು ಗಮನಿಸಿ. ಸ್ನಾನಕ್ಕೆ ಕೈ ಎತ್ತಿಸಿದಾಗ ಮಾತ್ರ ಹೊಡೆಯುವ ಅಮ್ಮನಿಗೆ ಬೇಕಿರುವುದು ಶಮನದ ಔಷಧಿಯಲ್ಲ, ಭುಜದ ನೋವಿಗೆ ಪರಿಹಾರ. ಹಲ್ಲನ್ನೂ ಒಮ್ಮೆ ತೋರಿಸಿ, ಊಟ ಬಿಟ್ಟವರಲ್ಲಿ ಅದು ಬಹಳ ಸಲ ಕಾರಣ. ಗೋಡೆಯ ಹತ್ತಿರದ ಮನುಷ್ಯನ ಬಗ್ಗೆ ವಾದ ಮಾಡಬೇಡಿ. ದೀಪ ಹಾಕಿ, ನೇತುಹಾಕಿದ ಬಟ್ಟೆ, ಕನ್ನಡಿ, ಪರದೆಯ ನೆರಳು ಅಲ್ಲಿ ಏನಾದರೂ ಇದೆಯೇ ನೋಡಿ ತೆಗೆಯಿರಿ.

ಅಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾದರೆ ಮನೆಯವರೊಬ್ಬರು ರಾತ್ರಿಯೂ ಪಕ್ಕದಲ್ಲಿರಲು ಅನುಮತಿ ಕೇಳಿ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಹಾಕಿಯೇ ಇರಲಿ. ಮೂತ್ರದ ಕ್ಯಾಥೆಟರ್ ಹಾಕಿದರೆ ಏಕೆ, ಯಾವಾಗ ತೆಗೆಯುತ್ತೀರಿ ಎಂದು ದಿನಾ ಕೇಳಿ. ಕೈ ಕಟ್ಟುವುದಕ್ಕೆ ಒಪ್ಪಬೇಡಿ, ಬದಲಿಗೆ ನಾನು ಕೂರುತ್ತೇನೆ ಎನ್ನಿ. ಆದಷ್ಟು ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ. ಶಸ್ತ್ರಚಿಕಿತ್ಸೆಯಾದರೆ ಅರಿವಳಿಕೆ ತಜ್ಞರಿಗೆ ಡಿಮೆನ್ಷಿಯಾ ಇದೆ ಎಂದು ನೀವೇ ಹೇಳಿ, ಫೈಲಿನಲ್ಲಿದೆ ಎಂದು ಸುಮ್ಮನಿರಬೇಡಿ.

ಒಂದು ಮಾತುಕತೆಯನ್ನು ಮುಂದೂಡಬೇಡಿ. ಈ ಸನ್ನಿ ಇಳಿದ ಮೇಲೆ, ಅಮ್ಮ ಹಗುರಾಗಿರುವ ಒಂದು ಬೆಳಿಗ್ಗೆ, ಅವರ ಪರವಾಗಿ ಯಾರು ನಿರ್ಧರಿಸಬೇಕು, ಯಾವ ಚಿಕಿತ್ಸೆ ಬೇಡ ಎಂದು ಅವರನ್ನೇ ಕೇಳಿ, ನಿಮ್ಮಲ್ಲಿನ ಕಾನೂನಿನಂತೆ ಬರೆದಿಡಿ. ಕೊನೆಯ ಹಂತದಲ್ಲಿ ನುಂಗುವುದು ಕಷ್ಟವಾದಾಗ ಮೂಗಿನಿಂದಲೋ ಹೊಟ್ಟೆಯಿಂದಲೋ ನಳಿಕೆ ಹಾಕುವ ಪ್ರಶ್ನೆ ಬರುತ್ತದೆ. ಮುಂದುವರಿದ ಡಿಮೆನ್ಷಿಯಾದಲ್ಲಿ ನಳಿಕೆಯಿಂದ ಆಯುಷ್ಯ ಹೆಚ್ಚುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ನೇರವಾಗಿ ಕೂರಿಸಿ ಕೈಯಾರೆ ಸ್ವಲ್ಪ ಸ್ವಲ್ಪವೇ ತಿನ್ನಿಸುವುದನ್ನೇ ತಜ್ಞರು ಹೇಳುತ್ತಾರೆ. ಆ ಹೊತ್ತಿನಲ್ಲಿ ಉಪಶಾಮಕ ಆರೈಕೆಯವರನ್ನು, ಅಂದರೆ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್ ತಂಡವನ್ನು, ಕರೆಯಲು ಹಿಂಜರಿಯದ ಡಾಕ್ಟರು ನಿಮಗಿರಬೇಕು. ಮೊದಲ ತಿಂಗಳಲ್ಲೇ ಇದನ್ನು ಕೇಳಿದರೆ ಅವರು ಹೇಗೆ ಉತ್ತರಿಸುತ್ತಾರೆ ಎಂಬುದರಿಂದಲೂ ಅವರು ಎಂಥವರೆಂದು ತಿಳಿಯುತ್ತದೆ.

ಹೊಸ ಡಾಕ್ಟರು ನಿಕ್ಕಿಯಾದ ಮೇಲೆ ಹಳೆಯ ಮೂವರಿಂದಲೂ ವರದಿಗಳ ಪ್ರತಿ, ಸ್ಕ್ಯಾನಿನ ಚಿತ್ರಗಳಿರುವ ಸಿ.ಡಿ. ಕೇಳಿ ತನ್ನಿ, ವರದಿಯ ಕಾಗದವೊಂದೇ ಸಾಲದು. ಮುರಿಯಬೇಕಾಗಿಲ್ಲ ಯಾರ ಸಂಬಂಧವನ್ನೂ. "ಅಮ್ಮನ ಮಾತ್ರೆಗಳನ್ನೆಲ್ಲ ಇನ್ನು ಇವರು ನೋಡಿಕೊಳ್ಳುತ್ತಾರೆ, ಹೊಸದು ಬರೆಯುವ ಮುನ್ನ ದಯವಿಟ್ಟು ಇವರಿಗೊಂದು ಮಾತು ತಿಳಿಸಿ" ಎಂದು ಹೊಸ ಡಾಕ್ಟರ ಹೆಸರು, ನಂಬರು ಬರೆದ ಚೀಟಿಯನ್ನು ಮೂರೂ ಫೈಲುಗಳ ಮೇಲೆ ಅಂಟಿಸಿ.